ಐಸ್‌ಗೆ ಸಾಯದ ಹುಳು

ಕಲಬುರಗಿಗೆ ಸಮುದ್ರ ದೂರ. ನಾವು ಜಾಸ್ತಿ ತಿನ್ನೋದು ರೋಹು, ಕಾಟ್ಲಾ, ಭೀಮಾ ನದಿಯ ಮೀನು. ಬಂಗಡೆ ಮಾತ್ರ ಐಸ್ ತುಂಬಿದ ಡಬ್ಬಿಯಲ್ಲಿ ಬರುತ್ತದೆ. ಹೋದ ವಾರ ಒಂದು ಬಂಗಡೆಯ ಹೊಟ್ಟೆ ಸೀಳಿದೆ. ಕರುಳಿನ ಮೇಲೆ ಬಿಳಿ ದಾರದಂಥದ್ದು ಸುರುಳಿ ಸುತ್ತಿಕೊಂಡು ಕೂತಿತ್ತು. ಚಾಕುವಿನ ತುದಿಯಿಂದ ಬಿಡಿಸಿದೆ, ಸುಮಾರು ಎರಡು ಸೆಂಟಿಮೀಟರ್ ಉದ್ದ. ನೋಡುತ್ತಿದ್ದಂತೆ ನಿಧಾನಕ್ಕೆ ಮತ್ತೆ ಸುತ್ತಿಕೊಂಡಿತು. ಅಷ್ಟು ಹೊತ್ತು ಐಸ್‌ನಲ್ಲಿದ್ದರೂ ಅದಕ್ಕೆ ಜೀವ ಇತ್ತು!

ಪಕ್ಕದಲ್ಲೇ ನಿಂತಿದ್ದ ಅಣ್ಣನ ಮಗ ಬೆಂಗಳೂರಲ್ಲಿ ಹಸಿ ಮೀನಿನ ರುಚಿ ನೋಡಿ ಬಂದವನು. "ಕಾಕಾ, ಲಿಂಬಿ ಹಿಂಡಿ ಇಟ್ರ ಮೀನ ಬೆಂದಂಗೇ ಆಗ್ತದ" ಅಂದ. ಹುಳಿಗೆ ಮೀನಿನ ಮಾಂಸ ಬೆಳ್ಳಗಾಗಿ ಗಟ್ಟಿಯಾಗೋದು ನಿಜ. ಆದರೆ ಹುಳು?

ಸಮುದ್ರದ ಮೀನಿನ ಹುಳುಗಳಲ್ಲಿ ಹೆಚ್ಚು ಕಾಟ ಕೊಡೋದು ಅನಿಸಾಕಿಸ್. ಅದು ಬೆಳೆದು ದೊಡ್ಡದಾಗೋದೇ ತಿಮಿಂಗಿಲ, ಡಾಲ್ಫಿನ್‌ಗಳ ಜಠರದಲ್ಲಿ, ಆಮ್ಲದ ನಡುವೆ. ಅಂಥದ್ದಕ್ಕೆ ಲಿಂಬೆರಸ ಯಾವ ಲೆಕ್ಕ? ಮೊಟ್ಟೆಗಳು ಮಲದ ಜೊತೆ ಸಮುದ್ರ ಸೇರುತ್ತವೆ. ಒಡೆದು ಬಂದ ಮರಿಯನ್ನು ಸಿಗಡಿಯಂಥ ಪುಟ್ಟ ಜೀವಿ ನುಂಗುತ್ತದೆ, ಅದನ್ನು ಮೀನು, ಮೀನನ್ನು ತಿಮಿಂಗಿಲ. ನಡುವೆ ಹಸಿ ಮೀನು ತಿನ್ನುವ ಮನುಷ್ಯ ಸಿಕ್ಕರೆ ಮರಿಗೆ ದಾರಿ ತಪ್ಪುತ್ತದೆ. ನಮ್ಮೊಳಗೆ ಅದು ದೊಡ್ಡದಾಗಲಾರದು. ಆದರೂ ಜಠರದ ಗೋಡೆಗೆ ತಲೆ ತೂರಿಸುತ್ತದೆ. ಕೆಲವೇ ಗಂಟೆಗಳಲ್ಲಿ ಜೀವ ಹಿಂಡುವ ಹೊಟ್ಟೆನೋವು, ವಾಂತಿ. ಡಾಕ್ಟರು ಬಾಯಿಂದ ಎಂಡೋಸ್ಕೋಪ್ ಇಳಿಸಿ ಹುಳುವನ್ನು ಕಿತ್ತು ತೆಗೆಯಬೇಕಾಗುತ್ತದೆ. ಇನ್ನು ಕೆಲವರಿಗೆ ಮೈತುಂಬ ದದ್ದು ಏಳುವ ಅಲರ್ಜಿ.

1960ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಈ ಕಾಯಿಲೆಯ ಗುಟ್ಟು ಬಯಲಾಯಿತು. ಅಲ್ಲಿನವರು ಹೆರಿಂಗ್ ಮೀನಿಗೆ ಸ್ವಲ್ಪ ಉಪ್ಪು ಹಾಕಿ ಹಾಗೇ ತಿನ್ನುತ್ತಿದ್ದರು. ಅಷ್ಟು ಉಪ್ಪಿಗೂ ಹುಳು ಜಗ್ಗಿರಲಿಲ್ಲ. 1968ರಲ್ಲಿ ಹೆರಿಂಗನ್ನು ಫ್ರೀಜ್ ಮಾಡಲೇಬೇಕು ಎಂದು ಕಾನೂನು ಬಂತು, ಕಾಯಿಲೆ ಅಲ್ಲಿ ಹೆಚ್ಚುಕಮ್ಮಿ ನಿಂತೇ ಹೋಯಿತು.

ಫ್ರೀಜ್ ಅಂದರೆ ಐಸ್‌ನಲ್ಲಿ ಇಡೋದಲ್ಲ. ಐಸ್ ಸೊನ್ನೆ ಡಿಗ್ರಿ, ಮೀನು ಕೆಡದಂತೆ ಕಾಯುತ್ತದೆ ಅಷ್ಟೇ. ಹುಳು ಸಾಯಲು ಮೈನಸ್ 20 ಡಿಗ್ರಿಯಲ್ಲಿ ಏಳು ದಿನ ಇಡಬೇಕು ಎನ್ನುತ್ತಾರೆ ಅಮೆರಿಕದ ಆಹಾರ ಇಲಾಖೆಯವರು. ಮನೆಯ ಫ್ರಿಜ್ ಅಷ್ಟು ತಣ್ಣಗಾಗುತ್ತದೆ ಅಂತ ನಂಬಬೇಡಿ. ಬೇಯಿಸೋದೇ ಸುಲಭ. ಮೀನಿನ ಒಳಗಿನವರೆಗೂ 63 ಡಿಗ್ರಿ ಬಿಸಿ ತಾಗಿದರೆ ಸಾಕು. ಕುದಿಯುವ ಸಾರಿನಲ್ಲಿ ಅದೇನು ಕಷ್ಟ ಅಲ್ಲ. ಎಚ್ಚರ ಬೇಕಿರೋದು ತವಾ ಮೇಲೆ ಹುರಿಯುವ ದಪ್ಪ ತುಂಡುಗಳಿಗೆ. ಹೊರಗೆ ಮಸಾಲೆ ಕೆಂಪಾಗಿರುತ್ತದೆ, ಒಳಗೆ ಮುಳ್ಳಿನ ಹತ್ತಿರ ಹಸಿ ಉಳಿದಿರುತ್ತದೆ.

ಇನ್ನೊಂದು ಮಾತು. ಮೀನು ಸತ್ತ ಮೇಲೆ ಹುಳು ಕರುಳಿನಿಂದ ಮಾಂಸಕ್ಕೆ ನುಗ್ಗಬಹುದು. ಅದಕ್ಕೇ ತಂದ ಕೂಡಲೇ ಹೊಟ್ಟೆ ತೆಗೆಯಬೇಕು. ಆ ದಿನ ಹುಳುವನ್ನು ಅಣ್ಣನ ಮಗನ ಅಂಗೈ ಮೇಲಿಟ್ಟೆ. ಸುಮ್ನೆ ನೋಡಿದ. ಆಮೇಲೆ ತಾನೇ ಒಲೆ ಹಚ್ಚಿದ.