ಮನೆ ಖರೀದಿಯ ಕಾನೂನು ಖರ್ಚು: ಎಲ್ಲಿ ಚೌಕಾಶಿ ಮಾಡಬಾರದು

ಮನೆ ಕೊಳ್ಳುವಾಗ ಬೆಲೆಯ ಜೊತೆಗೆ ಬರುವ ಖರ್ಚಿನಲ್ಲಿ ದೊಡ್ಡ ಪಾಲು ಸರ್ಕಾರಕ್ಕೆ ಹೋಗುತ್ತದೆ. ಅದರಲ್ಲಿ ಚೌಕಾಶಿಗೆ ಜಾಗವೇ ಇಲ್ಲ. ಚೌಕಾಶಿ ನಡೆಯುವುದು ಚಿಕ್ಕ ಪಾಲಿನಲ್ಲಿ, ಅಂದರೆ ವಕೀಲರ ಫೀಸಿನಲ್ಲಿ. ಜನ ಎಡವುವುದು ಅಲ್ಲೇ ಅನ್ನುವುದು ನನ್ನ ಅಭಿಪ್ರಾಯ. ಮೊದಲು ದೊಡ್ಡ ಪಾಲನ್ನು ಮುಗಿಸೋಣ.

ಸರ್ಕಾರದ ಲೆಕ್ಕ

ತುಮಕೂರಿನ ಬಟವಾಡಿಯಲ್ಲಿ ಒಂದು ಮನೆ ಅಂದುಕೊಳ್ಳಿ. ಮಾತಾದ ಬೆಲೆ 40 ಲಕ್ಷ. ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ದರದಲ್ಲಿ, ಅಂದರೆ ಗೈಡೆನ್ಸ್ ವ್ಯಾಲ್ಯೂ ಪ್ರಕಾರ, ಅದೇ ಮನೆಗೆ 44 ಲಕ್ಷ ಬರುತ್ತದೆ. ಅಂಕಿಗಳು ಉದಾಹರಣೆಗೆ ಮಾತ್ರ. ಎರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ ಶುಲ್ಕ ಬೀಳುತ್ತದೆ. ಇಲ್ಲಿ 44 ಲಕ್ಷದ ಮೇಲೆ.

ಸ್ಟಾಂಪ್ ಡ್ಯೂಟಿ ಶೇ. 5, ಅಂದರೆ 2,20,000 ರೂಪಾಯಿ. ಆ ಡ್ಯೂಟಿಯ ಮೇಲೆ ಶೇ. 10 ಸೆಸ್, 22,000. ನಗರದಲ್ಲಿ ಡ್ಯೂಟಿಯ ಮೇಲೆಯೇ ಶೇ. 2 ಸರ್‌ಚಾರ್ಜ್, 4,400. ಇನ್ನು ನೋಂದಣಿ ಶುಲ್ಕ. ಇದು ಮೊದಲು ಶೇ. 1 ಇತ್ತು, 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. ಹಾಗಾಗಿ 88,000. ಒಟ್ಟು 3,34,400 ರೂಪಾಯಿ, ಅಂದರೆ ಶೇ. 7.6. ಹಳೆಯ ಟಿಪ್ಪಣಿಗಳಲ್ಲಿ ಶೇ. 6.6 ಎಂದು ಕಂಡರೆ ಅದು ಈ ಬದಲಾವಣೆಗೆ ಮುಂಚಿನದು. ಮನೆ ಊರ ಹೊರಗೆ, ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಸರ್‌ಚಾರ್ಜ್ ಶೇ. 3. ನಮ್ಮ ಉದಾಹರಣೆಯಲ್ಲಿ ಇದರಿಂದ ಬರುವ ವ್ಯತ್ಯಾಸ 2,200 ರೂಪಾಯಿ, ತಲೆ ಕೆಡಿಸಿಕೊಳ್ಳುವಷ್ಟೇನಲ್ಲ.

"45 ಲಕ್ಷದೊಳಗಿನ ಮನೆಗೆ ಶೇ. 3 ಮಾತ್ರ ಅಲ್ವಾ?" ಎಂದು ಹಲವರು ಕೇಳುತ್ತಾರೆ. ಆ ರಿಯಾಯಿತಿ ಇರುವುದು ಮೊದಲ ಸಲ ನೋಂದಣಿಯಾಗುವ ಅಪಾರ್ಟ್‌ಮೆಂಟ್ ಫ್ಲ್ಯಾಟುಗಳಿಗೆ. ಬಟವಾಡಿಯ ಬಿಡಿ ಮನೆಗೆ ಅದು ಬರುವುದಿಲ್ಲ. ಇನ್ನೊಂದು ನಂಬಿಕೆ, ಹೆಂಡತಿ ಹೆಸರಿಗೆ ಮಾಡಿಸಿದರೆ ಡ್ಯೂಟಿ ಕಡಿಮೆ ಎನ್ನುವುದು. ದೆಹಲಿ, ಮಹಾರಾಷ್ಟ್ರದಲ್ಲಿ ಹಾಗಿದೆ, ಕರ್ನಾಟಕದಲ್ಲಿ ಇಲ್ಲ. ಹೆಂಡತಿ ಹೆಸರಿಗೆ ಮಾಡಿಸಲು ಬೇರೆ ಒಳ್ಳೆಯ ಕಾರಣಗಳಿವೆ, ಆ ಮಾತು ಬೇರೆ.

ಬೇರೆ ಒಪ್ಪಂದ ಇಲ್ಲದಿದ್ದರೆ ಕ್ರಯಪತ್ರದ ಡ್ಯೂಟಿ ಕೊಳ್ಳುವವರದ್ದೇ ಎಂದು ಕರ್ನಾಟಕ ಸ್ಟಾಂಪ್ ಕಾಯ್ದೆ, 1957 ಹೇಳುತ್ತದೆ. ಮಾರುವವರ ಜೊತೆ ಅರ್ಧರ್ಧ ಮಾತಾಗಿದ್ದರೆ ಅದನ್ನು ಅಗ್ರಿಮೆಂಟಿನಲ್ಲಿ ಬರೆಸಿ.

ಗೈಡೆನ್ಸ್ ವ್ಯಾಲ್ಯೂ ಇನ್ನೊಂದು ಕಡೆಯಿಂದಲೂ ಕಾಡುತ್ತದೆ, ಇದನ್ನು ಹೇಳುವವರು ಕಡಿಮೆ. ಅದು ನೀವು ಕೊಟ್ಟ ಬೆಲೆಗಿಂತ ಶೇ. 10ಕ್ಕಿಂತ ಜಾಸ್ತಿ ಇದ್ದು, ವ್ಯತ್ಯಾಸ 50,000 ರೂಪಾಯಿ ದಾಟಿದರೆ, ಆ ಪೂರ್ತಿ ವ್ಯತ್ಯಾಸ ನಿಮ್ಮ ಆದಾಯ ಎಂದು ಆದಾಯ ತೆರಿಗೆ ಇಲಾಖೆ ಲೆಕ್ಕ ಹಾಕುತ್ತದೆ. 40ಕ್ಕೆ 44 ಅಂದರೆ ಸರಿಯಾಗಿ ಗಡಿಯಲ್ಲಿದ್ದೀರಿ, ಬಚಾವ್. 45 ಆಗಿದ್ದರೆ 5 ಲಕ್ಷವೂ ನಿಮ್ಮ ಆದಾಯಕ್ಕೆ ಸೇರುತ್ತಿತ್ತು. ಹಾಗಾಗಿ ಬೆಲೆ ಮಾತಾಡುವ ಮುಂಚೆಯೇ ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಆ ಬೀದಿಯ ದರ ನೋಡಿಕೊಳ್ಳಿ.

"ಪತ್ರದಲ್ಲಿ ಕಮ್ಮಿ ತೋರಿಸೋಣ, ಉಳಿದದ್ದು ಕ್ಯಾಶ್" ಎನ್ನುವ ಮಾತೂ ಬರುತ್ತದೆ. ಬೇಡ. ಸಾಲ ಕಡಿಮೆ ಸಿಗುತ್ತದೆ. ಮುಂದೆ ಮಾರುವಾಗ ನಿಮ್ಮ ಲಾಭ ಜಾಸ್ತಿ ಕಾಣಿಸಿ ತೆರಿಗೆ ಏರುತ್ತದೆ. ಮನೆ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚು ಅಡ್ವಾನ್ಸನ್ನು ನಗದಾಗಿ ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡವೂ ಇದೆ.

ವಕೀಲರ ಫೀಸು

ಇದಕ್ಕೆ ನಿಗದಿತ ದರ ಇಲ್ಲ. ಕೆಲವರು ಒಟ್ಟು ಮೊತ್ತ ಹೇಳುತ್ತಾರೆ, ಕೆಲವರು ಬೆಲೆಯ ಮೇಲೆ ಶೇಕಡಾ ಲೆಕ್ಕ ಹೇಳುತ್ತಾರೆ. ಎಷ್ಟು ಎಂದು ಕೇಳುವ ಮೊದಲು ಏನೇನು ಮಾಡಿಕೊಡುತ್ತೀರಿ ಎಂದು ಕೇಳಿ. ಕ್ರಯಪತ್ರ ಬರೆದುಕೊಡುವುದು ಒಂದು ಕೆಲಸ, ಅದನ್ನು ಪತ್ರ ಬರಹಗಾರರೂ ಮಾಡುತ್ತಾರೆ. ಮೂಲ ಪತ್ರಗಳನ್ನೆಲ್ಲ ಓದಿ, ಹಕ್ಕು ಸರಿಯಾಗಿದೆಯೇ ಎಂದು ಲಿಖಿತ ಅಭಿಪ್ರಾಯ ಕೊಡುವುದು ಬೇರೆಯದೇ ಕೆಲಸ. ನೀವು ದುಡ್ಡು ಕೊಡಬೇಕಾದದ್ದು ಎರಡನೆಯದಕ್ಕೆ.

"ಇಸಿ ತೆಗೆಸಿದ್ದೀವಲ್ಲ, ಕ್ಲೀನ್ ಇದೆ" ಎನ್ನುವವರಿಗೆ ಒಂದು ಮಾತು. ಇಸಿಯಲ್ಲಿ, ಅಂದರೆ ಋಣಭಾರ ಪ್ರಮಾಣಪತ್ರದಲ್ಲಿ, ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ನೋಂದಣಿಯಾಗದ ವಿಲ್ ಅದರಲ್ಲಿ ಇರುವುದಿಲ್ಲ. ಕೋರ್ಟಿನಲ್ಲಿ ನಡೆಯುತ್ತಿರುವ ದಾವೆ ಕಾಣದೇ ಇರಬಹುದು. ಮುಖ್ಯವಾಗಿ, ಪಿತ್ರಾರ್ಜಿತ ಆಸ್ತಿಯಲ್ಲಿ ಸಹಿ ಹಾಕದ ಹೆಣ್ಣುಮಕ್ಕಳ ಪಾಲು ಕಾಣುವುದಿಲ್ಲ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಪಾಲು ಕೊಟ್ಟಿತು, ಆದರೆ ಅದಕ್ಕೂ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಭೇದ ತೆಗೆಯಿತು. ತಂದೆ 2005ಕ್ಕೂ ಮುಂಚೆ ತೀರಿಕೊಂಡಿದ್ದರೂ ಹಕ್ಕು ಉಂಟು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಹಾಗಾಗಿ ವಂಶವೃಕ್ಷ ಕೇಳಿ, ಒಬ್ಬೊಬ್ಬರ ಹೆಸರೂ ಹಿಡಿದು ನೋಡುವ ವಕೀಲರು ಬೇಕು. "ಅಕ್ಕಂದಿರು ಏನೂ ಕೇಳಲ್ಲ ಬಿಡಿ" ಎಂದು ಮಾರುವವರು ಹೇಳಿದರೆ, ಕೇಳದೇ ಇದ್ದವರು ಸಹಿ ಹಾಕಿಕೊಡಲಿ.

ನಮ್ಮ ಜಿಲ್ಲೆಯಂಥ ಕಡೆ ಇನ್ನೊಂದು ಅಪಾಯ ಇದೆ. ಬಡಾವಣೆ ಆಗುವ ಮೊದಲು ಅದು ಹೊಲ ಆಗಿತ್ತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ ಎಂದು 1978ರ ಪಿಟಿಸಿಎಲ್ ಕಾಯ್ದೆ ಹೇಳುತ್ತದೆ. ಹಾಗೆ ಮಾರಿದ್ದರೆ ಜಮೀನು ವಾಪಸ್ ಹೋಗಬಹುದು. 2023ರ ತಿದ್ದುಪಡಿಯ ನಂತರ ಅದಕ್ಕೆ ಕಾಲಮಿತಿಯ ತಡೆಯೂ ಇಲ್ಲ. ನಾಲ್ಕು ಕೈ ಬದಲಾಗಿದೆ ಎನ್ನುವುದು ರಕ್ಷಣೆ ಆಗುವುದಿಲ್ಲ. ಇದನ್ನು ಕಂಡುಹಿಡಿಯಲು ಮೂಲ ಮಂಜೂರಾತಿ, ಭೂ ಪರಿವರ್ತನೆ ಆದೇಶ, ಟೂಡಾ (ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ) ಒಪ್ಪಿದ ಬಡಾವಣೆ ನಕ್ಷೆ ಎಲ್ಲ ನೋಡಬೇಕು.

ಬ್ಯಾಂಕಿನವರೇ ವಕೀಲರಿಂದ ನೋಡಿಸುತ್ತಾರಲ್ಲ ಎಂದು ಸುಮ್ನೆ ಇರಬೇಡಿ. ಆ ಫೀಸು ನೀವೇ ಕಟ್ಟಿದರೂ ಆ ವಕೀಲರು ಬ್ಯಾಂಕಿಗೆ ಉತ್ತರ ಕೊಡುವವರು. ಅಡ್ವಾನ್ಸ್ ಕೊಟ್ಟ ಮೇಲೆ ವಕೀಲರ ಬಳಿ ಹೋಗುವುದೂ ಅಷ್ಟೇ. ದೋಷ ಸಿಕ್ಕರೆ ಅಡ್ವಾನ್ಸ್ ವಾಪಸ್ ಎನ್ನುವ ಸಾಲು ಅಗ್ರಿಮೆಂಟಿನಲ್ಲಿ ಇಲ್ಲದಿದ್ದರೆ, ಅವರ ಅಭಿಪ್ರಾಯ ಇಟ್ಟುಕೊಂಡು ಏನು ಮಾಡುತ್ತೀರಿ?

ಉಳಿದ ಚಿಲ್ಲರೆ

ಸಾಲ ಮಾಡಿದರೆ ಪ್ರೊಸೆಸಿಂಗ್ ಫೀಸು, ಮೌಲ್ಯಮಾಪನದ ಫೀಸು, ಮನೆ ಪತ್ರ ಅಡ ಇಡುವುದಕ್ಕೆ ಬೇರೆ ಸ್ಟಾಂಪ್ ಡ್ಯೂಟಿ. ಕೊನೆಯದನ್ನು ಬ್ಯಾಂಕಿನಲ್ಲಿ ಮೊದಲೇ ಕೇಳಿ ಬರೆದುಕೊಳ್ಳಿ. ಕಟ್ಟುತ್ತಿರುವ ಫ್ಲ್ಯಾಟ್ ಆದರೆ ಜಿಎಸ್‌ಟಿ ಶೇ. 5, ಅಗ್ಗದ ವಸತಿ ವರ್ಗಕ್ಕೆ ಶೇ. 1. ಕಂಪ್ಲೀಷನ್ ಸರ್ಟಿಫಿಕೇಟ್ ಬಂದ ಮೇಲೆ ಕೊಂಡರೆ ಜಿಎಸ್‌ಟಿ ಇಲ್ಲ. ನೋಂದಣಿ ಆದ ಮೇಲೆ ಖಾತೆ ಬದಲಾವಣೆಗೆ ಪಾಲಿಕೆಯ ಶುಲ್ಕ.

ಬೆಲೆ 50 ಲಕ್ಷ ಅಥವಾ ಜಾಸ್ತಿ ಇದ್ದರೆ ಮಾರುವವರಿಗೆ ಕೊಡುವ ದುಡ್ಡಿನಲ್ಲೇ ಶೇ. 1 ತೆರಿಗೆ (ಟಿಡಿಎಸ್) ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆ ಕೊಳ್ಳುವವರದ್ದು. ದುಡ್ಡು ಮಾರುವವರದ್ದೇ, ಆದರೆ ಮರೆತರೆ ಬಡ್ಡಿ ಮತ್ತು ತಡವಾದ ಶುಲ್ಕ ನಿಮ್ಮ ತಲೆಗೆ. ಹಳೆಯ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವವರು ವಾಸದ ಮನೆಗೆ ಕಟ್ಟಿದ ಸ್ಟಾಂಪ್ ಡ್ಯೂಟಿ ಮತ್ತು ನೋಂದಣಿ ಶುಲ್ಕವನ್ನು 1.5 ಲಕ್ಷದ ಮಿತಿಯೊಳಗೆ ಅದೇ ವರ್ಷ ಆದಾಯದಿಂದ ಕಡಿತಕ್ಕೆ ತೋರಿಸಬಹುದು. ಚಲನ್ ಎತ್ತಿಟ್ಟುಕೊಳ್ಳಿ.