ಹೊಸ ರಿಮೋಟ್ ವಿಮಾನ ಎದ್ದ ಕೂಡಲೇ ಯಾಕೆ ಬೀಳುತ್ತದೆ?

“ಅಣ್ಣಾರ, ಮಗಳು ಹಟ ಹಿಡದಳಂತ ಎರಡು ಸಾವಿರ ಕೊಟ್ಟು ರಿಮೋಟ್ ವಿಮಾನ ತರಿಸಿದೆ. ಸಂಜೀಕ ಬಯಲಿಗೆ ಹೋಗಿ ಎರಡು ಸಲ ಹಾರಿಸಿದ್ವಿ. ಎರಡೂ ಸಲ ಮ್ಯಾಲೆ ಎದ್ದು, ತಿರುಗಿ, ಧಪ್ಪಂತ ಬಿತ್ತು. ಮಾಲು ಖರಾಬ ಐತೋ, ನಮಗ ಹಾರಿಸ್ಲಿಕ್ಕೆ ಬರೂದಿಲ್ಲೋ?”
— ಗದಗಿನ ಓದುಗರೊಬ್ಬರು

ಮಾಲನ್ನು ಬೈಯುವ ಮೊದಲು ಆವತ್ತು ಗಾಳಿ ಹೇಗಿತ್ತು ನೆನಪು ಮಾಡಿಕೊಳ್ಳಿ. ಗದಗ ಗಾಳಿಯ ಸೀಮೆ. ಕಪ್ಪತಗುಡ್ಡದ ಕಡೆ ಗಾಳಿಯಂತ್ರಗಳನ್ನು ನೆಟ್ಟಿರುವುದೇ ಅದಕ್ಕೆ. ಈ ಅಗ್ಗದ ಫೋಮ್ ವಿಮಾನಗಳು ಹೆಚ್ಚಿನವು ನೂರು ಗ್ರಾಂ ಕೂಡ ತೂಗುವುದಿಲ್ಲ. ಗಾಳಿಪಟಕ್ಕೆ ಬೇಕಾದ ಗಾಳಿ ಇವಕ್ಕೆ ಆಗದು. ಕಾರಹುಣ್ಣಿಮೆಯಿಂದ ಶ್ರಾವಣದವರೆಗೆ ಪೆಟ್ಟಿಗೆಯಲ್ಲೇ ಇರಲಿ. ಉಳಿದ ದಿನಗಳಲ್ಲಿ ಬೆಳಗಿನ ಏಳರೊಳಗೆ ಹೋಗಿ. ಬಿಸಿಲೇರಿ ನೆಲ ಕಾದಂತೆ ಗಾಳಿ ಏಳುತ್ತದೆ. ಚಿಟಿಕೆ ಒಣಮಣ್ಣು ಬಿಟ್ಟು ನೋಡಿ, ದೂರ ಪಕ್ಕಕ್ಕೆ ಓಡಿದರೆ ಆವತ್ತು ಬೇಡ.

ಇನ್ನು ‘ತಿರುಗಿ ಬಿತ್ತು’ ಎಂದಿರಲ್ಲ, ಗುಟ್ಟು ಅಲ್ಲಿದೆ. ಈ ಬೆಲೆಯವು ಬಹುಪಾಲು ಎರಡು ಚಾನೆಲ್‌ನವು, ಅಂದರೆ ರಿಮೋಟಿನಿಂದ ಎರಡೇ ಬಗೆಯ ಹಿಡಿತ. ಬಾಲದಲ್ಲಿ ಅಲುಗುವ ಪಟ್ಟಿ ಇರುವುದಿಲ್ಲ. ಎಲ್ಲ ಕೆಲಸ ಎರಡು ಪುಟ್ಟ ಮೋಟಾರುಗಳದ್ದೇ. ಎರಡೂ ಜೋರಾದರೆ ಏರುತ್ತದೆ, ಒಂದು ನಿಧಾನವಾದರೆ ಆ ಕಡೆಗೆ ಹೊರಳುತ್ತದೆ. ಹೊರಳುವಾಗ ರೆಕ್ಕೆ ಓರೆಯಾಗಿ, ಮೇಲೆತ್ತುವ ಬಲದಲ್ಲಿ ಒಂದು ಪಾಲು ಪಕ್ಕಕ್ಕೆ ಹೋಗುತ್ತದೆ, ಎತ್ತರ ತಗ್ಗುತ್ತದೆ. ಆಳೆತ್ತರದಲ್ಲೇ ತಿರುಗಿಸಿದರೆ ನೆಲ ಬಡಿಯಲೇಬೇಕು. ತೆಂಗಿನಮರದಷ್ಟು ಎತ್ತರ ಸಿಗುವವರೆಗೆ ರಿಮೋಟಿನ ಕಡ್ಡಿಯನ್ನು ಎಡಬಲ ಮುಟ್ಟಬೇಡಿ. ಆಮೇಲೂ ತುಸು ಒತ್ತಿ, ಬಿಡಿ, ಒತ್ತಿ, ಬಿಡಿ.

ನಿಮ್ಮ ಕಡೆಗೆ ಮುಖ ಮಾಡಿ ಬರುವಾಗ ಎಡಬಲ ಅದಲುಬದಲಾಗುತ್ತದೆ, ದೊಡ್ಡವರೂ ಅಲ್ಲಿ ಗಲಿಬಿಲಿಯಾಗುತ್ತಾರೆ. ಆಗ ಯಾವ ಕಡೆಯ ರೆಕ್ಕೆ ಕೆಳಗೆ ಬಾಗಿ ಕಾಣುತ್ತದೋ ಆ ಕಡೆಗೇ ಕಡ್ಡಿ ಒತ್ತಿ, ಬಾಗಿದ ರೆಕ್ಕೆಗೆ ಊರುಗೋಲು ಕೊಟ್ಟಂತೆ. ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದ ಪಾಠ ಇದು.

ಹಾರಿಸುವ ಮುನ್ನ ಹಿಂದುಮುಂದಿನ ತೂಕ ಸಮ ಇದೆಯೇ ನೋಡಿ. ನೇರ ರೆಕ್ಕೆಯ ವಿಮಾನವಾದರೆ, ರೆಕ್ಕೆಯ ಅಗಲದಲ್ಲಿ ಮುಂದಿನ ಅಂಚಿನಿಂದ ಕಾಲುಭಾಗಕ್ಕೂ ಮೂರನೇ ಒಂದು ಭಾಗಕ್ಕೂ ನಡುವೆ, ಅಡಿಯಿಂದ ಎರಡು ಬೆರಳು ಕೊಟ್ಟು ಎತ್ತಿ. ಸಮನಾಗಿ ನಿಲ್ಲಬೇಕು, ಮೂಗು ಕೂದಲೆಳೆ ಬಾಗಿದರೆ ಇನ್ನೂ ಒಳ್ಳೆಯದು. ಬಾಲ ಭಾರವಾದರೆ ಮೇಲೆದ್ದು, ವೇಗ ಸತ್ತು ಬೀಳುತ್ತದೆ. ಬ್ಯಾಟರಿಯನ್ನು ತುಸು ಮುಂದೆ ಸರಿಸಿ.

ಜಾಗ ಹುಲ್ಲಿನ ಮೈದಾನವೇ ಆಗಲಿ. ಸುಗ್ಗಿ ಮುಗಿದ ಎರೆಹೊಲ ವಿಶಾಲವಾಗಿ ಕಂಡರೂ ಜೋಳದ ಕೂಳೆ ಫೋಮಿಗೆ ಚುಚ್ಚುತ್ತದೆ, ಬಿರುಕಿನೊಳಗೆ ಬಿದ್ದ ಪ್ರೊಪೆಲ್ಲರ್ ಮತ್ತೆ ಸಿಗುವುದಿಲ್ಲ. ಕರೆಂಟಿನ ತಂತಿಗೆ ಸಿಕ್ಕಿದರೆ ಬಿಟ್ಟುಬಿಡಿ, ಕೋಲು ಹಾಕಬೇಡಿ. ಹುಬ್ಬಳ್ಳಿಯವರು ಗೋಕುಲ ರಸ್ತೆಯ ವಿಮಾನ ನಿಲ್ದಾಣದ ಸುತ್ತ ಹಾರಿಸಲೇಬಾರದು. 2021ರ ಡ್ರೋನ್ ನಿಯಮದಲ್ಲಿ 250 ಗ್ರಾಂವರೆಗಿನವಕ್ಕೆ ಪೈಲಟ್ ಲೈಸೆನ್ಸ್ ಬೇಡ, ಆದರೆ ಕೆಂಪು ವಲಯ, ಅಂದರೆ ಸರ್ಕಾರದ ಅನುಮತಿ ಇಲ್ಲದೆ ಹಾರಿಸಬಾರದ ಜಾಗ, ಎಲ್ಲರಿಗೂ ಕೆಂಪೇ.

ಬ್ಯಾಟರಿ ಉಬ್ಬಿದ್ದರೆ ಚಾರ್ಜಿಗೆ ಹಾಕಬೇಡಿ, ರಾತ್ರಿಯಿಡೀ ಚಾರ್ಜಿಗೂ ಬಿಡಬೇಡಿ.

ಈ ಸಲ ಎಸೆಯುವ ಕೆಲಸ ನಿಮ್ಮದಾಗಲಿ, ರಿಮೋಟ್ ಮಗಳ ಕೈಯಲ್ಲಿರಲಿ. ಒಬ್ಬರೇ ಎಸೆದು ಆ ಕೈಯನ್ನು ಕಡ್ಡಿಗೆ ತರುವಷ್ಟರಲ್ಲೇ ಎಷ್ಟೋ ವಿಮಾನ ಬೀಳುತ್ತವೆ. ಗಾಳಿಗೆ ಎದುರು ನಿಂತು, ಮೂಗು ಸಮ ಹಿಡಿದು, ಆಕೆ “ಹೂಂ” ಅಂದಮೇಲೆ ಬಿಡಿ.