ಕಾರ್ಮಿಕರಿಗೊಂದು ಕುರ್ಚಿ ಹಾಕಿದರೆ ಕಂಪನಿಗೆ ನಷ್ಟವಾ?

ಯಂತ್ರ ಎಲ್ಲಿ ಕೈಕೊಡುತ್ತದೆ, ಯಾವ ಕೆಲಸದಲ್ಲಿ ಸಮಯ ಹಾಳಾಗುತ್ತದೆ ಅನ್ನುವುದು ಮೊದಲು ಗೊತ್ತಾಗುವುದು ಅಲ್ಲಿ ನಿಂತು ಕೆಲಸ ಮಾಡುವವರಿಗೆ. ಆದರೆ ಅದನ್ನು ಮೇಲಿನವರಿಗೆ ಹೇಳುತ್ತಾರಾ? ನಾಲ್ವರ ಕೆಲಸವನ್ನು ಮೂವರಲ್ಲೇ ಮುಗಿಸಬಹುದು ಎಂದು ಹೇಳಿದವರೇ ಆ ನಾಲ್ಕನೆಯವರಾಗಿಬಿಟ್ಟರೆ? ಸುಮ್ನೆ ಇರೋದೇ ವಾಸಿ, ಅಲ್ವಾ. ಕಾರ್ಮಿಕ ಪ್ರತಿನಿಧಿಗಳಿದ್ದರೆ ಉತ್ಪಾದಕತೆ ಏರುತ್ತದೋ ಇಳಿಯುತ್ತದೋ ಎಂಬ ಹಳೇ ಜಗಳದ ಬೇರು ಈ ಮೌನದಲ್ಲಿದೆ.

ಈ ಜಗಳಕ್ಕೆ ಜರ್ಮನಿಯಲ್ಲಿ ನೂರು ವರ್ಷ ದಾಟಿದೆ. ಮೊದಲ ಮಹಾಯುದ್ಧ ಸೋತ ಮೇಲೆ, 1920ರಲ್ಲಿ, ಕೆಲಸದ ಜಾಗದಲ್ಲಿ ಕಾರ್ಮಿಕರೇ ಆರಿಸಿದ ಸಮಿತಿ ಇರಬೇಕೆಂಬ ಕಾನೂನು ಅಲ್ಲಿ ಬಂತು. ಮಾಲೀಕರಿಗೆ ಅದು ಅತಿಯಾಯಿತು, ಎಡಪಂಥದವರಿಗೆ ಏನೂ ಸಾಲದಾಯಿತು. ಮಸೂದೆ ಇನ್ನೂ ಚರ್ಚೆಯಲ್ಲಿದ್ದಾಗ ಬರ್ಲಿನ್ನಿನ ಸಂಸತ್ತಿನ ಎದುರು ನಡೆದ ಪ್ರತಿಭಟನೆಯಲ್ಲಿ ಗುಂಡು ಹಾರಿ 42 ಜನ ಸತ್ತರು. 1934ರಲ್ಲಿ ನಾಜಿಗಳು ಸಮಿತಿಗಳನ್ನೇ ಕಿತ್ತುಹಾಕಿದರು.

ಎರಡನೇ ಯುದ್ಧದ ನಂತರ ಕುರ್ಚಿ ಇನ್ನೂ ಮೇಲಕ್ಕೆ ಹೋಯಿತು. ಮುಷ್ಕರದ ಬೆದರಿಕೆಯ ನಡುವೆ 1951ರಲ್ಲಿ ಕಲ್ಲಿದ್ದಲು ಮತ್ತು ಉಕ್ಕಿನ ದೊಡ್ಡ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ, ಅಂದರೆ ಕಂಪನಿ ನಡೆಸುವವರ ಮೇಲೆ ಕಣ್ಣಿಡುವ ಮಂಡಳಿಯಲ್ಲಿ, ಕಾರ್ಮಿಕರಿಗೆ ಸಮಪಾಲು ಸಿಕ್ಕಿತು. 1976ರಲ್ಲಿ 2,000ಕ್ಕಿಂತ ಜಾಸ್ತಿ ನೌಕರರಿರುವ ಬೇರೆ ಕಂಪನಿಗಳಿಗೂ ಅರ್ಧ ಸ್ಥಾನದ ನಿಯಮ ಬಂತು. ಆದರೆ ಮತ ಸಮವಾದರೆ ಅಧ್ಯಕ್ಷರಿಗೆ ಇನ್ನೊಂದು ಮತ, ಅಧ್ಯಕ್ಷರು ಸಾಮಾನ್ಯವಾಗಿ ಷೇರುದಾರರ ಕಡೆಯವರು. ಹಾಗಾಗಿ ಅದನ್ನು ಪೂರ್ತಿ ಅರ್ಧ ಅನ್ನಲಾಗದು. ಅಷ್ಟಕ್ಕೂ ಮಾಲೀಕರು ಕೋರ್ಟಿಗೆ ಹೋದರು, 1979ರಲ್ಲಿ ಸೋತರು.

ಅರ್ಥಶಾಸ್ತ್ರಜ್ಞರ ಮಾತು ಬದಲಾದದ್ದು 1984ರ ಹೊತ್ತಿಗೆ. ಯೂನಿಯನ್ನಿಗೆ ಎರಡು ಮುಖ ಎಂದು ಅಮೆರಿಕದ ರಿಚರ್ಡ್ ಫ್ರೀಮನ್ ಮತ್ತು ಜೇಮ್ಸ್ ಮೆಡಾಫ್ ಹೇಳಿದರು. ಒಂದು, ಒಗ್ಗಟ್ಟಿನ ಬಲದಿಂದ ಸಂಬಳ ಏರಿಸುವ ಮುಖ. ಇನ್ನೊಂದು, ದೂರು ಹೇಳಲು ದಾರಿ ಮಾಡಿಕೊಡುವ ಮುಖ. ದಾರಿ ಇದ್ದರೆ ಜನ ಬೇಸತ್ತು ಕೆಲಸ ಬಿಡುವುದು ಕಡಿಮೆ. ಪಳಗಿದ ಕೈಗಳು ಕಂಪನಿಯಲ್ಲೇ ಉಳಿಯುತ್ತವೆ.

ಅದೇ ವರ್ಷ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ನಡೆದದ್ದು ಇನ್ನೂ ಸ್ವಾರಸ್ಯ. ಅಲ್ಲಿನ ಜನರಲ್ ಮೋಟಾರ್ಸ್ ಕಾರ್ಖಾನೆ ಗೈರುಹಾಜರಿಗೆ, ಜಗಳಕ್ಕೆ ಕುಖ್ಯಾತಿ ಪಡೆದು 1982ರಲ್ಲಿ ಬಾಗಿಲು ಹಾಕಿತ್ತು. ಟೊಯೋಟಾ ಜೊತೆ ಸೇರಿ 1984ರಲ್ಲಿ ಅದನ್ನು ಮತ್ತೆ ತೆರೆದರು. ಯೂನಿಯನ್ ಅದೇ, ಕೆಲಸಗಾರರಲ್ಲಿ ಹೆಚ್ಚಿನವರೂ ಹಳಬರೇ. ಆದರೆ ದೋಷ ಕಂಡರೆ ಹಗ್ಗ ಎಳೆದು ಇಡೀ ಲೈನ್ ನಿಲ್ಲಿಸುವ ಅಧಿಕಾರ ಈಗ ಪ್ರತಿಯೊಬ್ಬರಿಗೂ ಇತ್ತು. ಕಷ್ಟ ಬಂದರೆ ಮೊದಲು ಮೇಲಧಿಕಾರಿಗಳ ಸಂಬಳಕ್ಕೆ ಕತ್ತರಿ, ಕಾರ್ಮಿಕರನ್ನು ತೆಗೆಯುವುದು ಕಟ್ಟಕಡೆಗೆ ಎಂದು ಯೂನಿಯನ್ ಜೊತೆ ಒಪ್ಪಂದವೂ ಆಗಿತ್ತು. ಎರಡೇ ವರ್ಷದಲ್ಲಿ ಉತ್ಪಾದಕತೆ ಜನರಲ್ ಮೋಟಾರ್ಸ್‌ನ ಬೇರೆ ಕಾರ್ಖಾನೆಗಳನ್ನು ಮೀರಿಸಿತು. 1988ರಲ್ಲಿ ಮಾರಾಟ ಬಿದ್ದಾಗ ಕಂಪನಿ ಯಾರನ್ನೂ ಮನೆಗೆ ಕಳಿಸಲಿಲ್ಲ, ತರಬೇತಿ ಕೊಟ್ಟಿತು. ನನಗೆ ಹಗ್ಗಕ್ಕಿಂತ ಈ ಮಾತು ಉಳಿಸಿಕೊಂಡದ್ದೇ ದೊಡ್ಡದು ಅನ್ನಿಸುತ್ತದೆ. ಕೆಲಸ ಹೋಗುವ ಭಯವಿದ್ದರೆ ಹಗ್ಗ ಎಳೆಯುವವರು ಯಾರು?

ಒಂದು ಕಾರ್ಖಾನೆಯ ಕಥೆ ಪುರಾವೆಯಲ್ಲ, ನಿಜ. ಪ್ರತಿನಿಧಿಗಳಿರುವ ಕಂಪನಿಗಳನ್ನು ಇಲ್ಲದವುಗಳ ಜೊತೆ ತೂಗಿದರೂ ಮೋಸವೇ, ಯಾಕೆಂದರೆ ಇರುವವು ಹೆಚ್ಚಾಗಿ ದೊಡ್ಡವು, ಹಳೆಯವು. ಸರಿಯಾದ ತಕ್ಕಡಿ ಸಿಕ್ಕಿದ್ದು ಜರ್ಮನಿಯ ಒಂದು ತಿದ್ದುಪಡಿಯಿಂದ. 1994ರ ಆಗಸ್ಟ್ 10ರ ನಂತರ ನೋಂದಣಿಯಾದ ಷೇರು ಕಂಪನಿಗಳಲ್ಲಿ 500ಕ್ಕಿಂತ ಕಡಿಮೆ ನೌಕರರಿದ್ದರೆ ಮಂಡಳಿಯಲ್ಲಿ ಕಾರ್ಮಿಕರಿಗೆ ಜಾಗ ಕೊಡಬೇಕಿಲ್ಲ. ಅದಕ್ಕೆ ಮೊದಲಿನವು ಮೂರನೇ ಒಂದು ಪಾಲು ಕೊಡುತ್ತಲೇ ಇರಬೇಕು. ಕೆಲವೇ ದಿನ ಆಚೀಚೆ ಹುಟ್ಟಿದ ಕಂಪನಿಗಳಿಗೆ ಬೇರೆ ಬೇರೆ ನಿಯಮ!

ಆ ಗೆರೆಯ ಆಚೀಚೆ ನೋಡಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಪ್ರತಿನಿಧಿಗಳಿದ್ದಲ್ಲಿ ಯಂತ್ರ, ಕಟ್ಟಡಗಳಲ್ಲಿ ಹೂಡಿದ ಬಂಡವಾಳ ಕಡಿಮೆಯಾಗುವ ಬದಲು ಹೆಚ್ಚೇ ಇತ್ತು. ಉತ್ಪಾದಕತೆ ಕುಸಿದ ಗುರುತು ಸಿಗಲಿಲ್ಲ. ಮಾಲೀಕರು ಹೆದರಿದ್ದು ಆಗಲಿಲ್ಲ. ಹಾಗಂತ ಸಂಬಳವೂ ಹೇಳಿಕೊಳ್ಳುವಷ್ಟು ಏರಲಿಲ್ಲ. ಮೂರರಲ್ಲಿ ಒಂದು ಪಾಲು ಇದ್ದವರು ಮತಕ್ಕೆ ಹಾಕಿದರೆ ಸೋಲಲೇಬೇಕಲ್ಲ. ಅವರಿಗೆ ಸಿಗುವುದು ಲೆಕ್ಕದ ಕಾಗದ ಮತ್ತು ಮಾತಾಡಲು ಒಂದು ಸರದಿ.